ಉಡಚವ್ವನ ಹಾಡಿಗೆ ಡ್ರಮ್ಮು

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಹೊರಟ ಬಸ್ಸಿನಲ್ಲಿ ಆ ಹಾಡು ಮೂರನೇ ಸಲ ಯಾರದೋ ಮೊಬೈಲಿನಿಂದ ಅರಚಿದಾಗ ಮಲ್ಲೇಶಪ್ಪನಿಗೆ ತಡೆಯಲಾಗಲಿಲ್ಲ.

"ಬಂದ್ ಮಾಡ್ರಿ ಅದನ್ನ! ಅದು ನನ್ನ ಹೆಂಡ್ತಿ ಹಾಡು!"

"ನಿಮ್ಮ ಹೆಂಡ್ತಿ ಡಿಜೆ ಏನ್ರಿ ಅಜ್ಜಾರ?" ಅಂದ ಕಂಡಕ್ಟರ್. ಬಸ್ಸಿಗೆ ಬಸ್ಸೇ ನಕ್ಕಿತು.

ಅವನ ಹೆಂಡತಿ ಉಡಚವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವವಳು. ಕೆಂಪು ರಾಶಿಯ ಮುಂದೆ ಕೂತು, ತುಂಬಿದ ಚಕ್ಕಡಿ ಏರು ಹತ್ತಿದಷ್ಟು ನಿಧಾನವಾಗಿ ಹಾಡುತ್ತಿದ್ದಳು: "ಹಾವೇರಿ ದಾರಿ ಹಿಡದಿ, ಹೊಳ್ಳಿ ನೋಡಲಿಲ್ಲ, ನೀ ಇಲ್ಲದ ಹಿತ್ತಲ ಬಿಕೋ ಅಂತೈತಿ."

ಮದುವೆಯಾದ ವರ್ಷ ಮಲ್ಲೇಶಪ್ಪ ಹಾವೇರಿಯ ಹತ್ತಿ ಗಿರಣಿಗೆ ಮೂರು ತಿಂಗಳು ದುಡಿಯಲು ಹೋಗಿದ್ದ. ಹಾಡು ಹುಟ್ಟಿದ್ದು ಆಗ. "ಹಿತ್ತಲಾ ಯಾಕೋ?" ಎಂದು ಯಾರಾದರೂ ಕಾಡಿದರೆ ಅರವತ್ತೆಂಟರ ವಯಸ್ಸಿನಲ್ಲೂ ಮೆಣಸಿನಕಾಯಿಯಂತೆ ಕೆಂಪಾಗುತ್ತಿದ್ದ.

ಅವಳು ಹೋಗಿ ನಾಳೆಗೆ ವರ್ಷ. ಬದುಕಿದ್ದಾಗ ಆ ಹಾಡನ್ನು ರೆಕಾರ್ಡ್ ಮಾಡಿಕೊಂಡು ಹೋದವನು ರಾಣೆಬೆನ್ನೂರಿನ ನಯಾಜ. ಅವನ ಬ್ಯಾಂಡು ಅದಕ್ಕೆ ಗಿಟಾರು, ಡ್ರಮ್ಮು ಹಚ್ಚಿತು. ಅದನ್ನು ಕೇಳಿ ಇನ್ನೂ ನಾಲ್ಕು ಬ್ಯಾಂಡು ಹಚ್ಚಿದವು. ಈಗ ಮದುವೆ ಮೆರವಣಿಗೆಗಳಲ್ಲಿ ಜನ ಆ ಅಳುವಿಗೆ ಕುಣಿಯುತ್ತಾರೆ. ಮಲ್ಲೇಶಪ್ಪನಿಗೆ ಬೇಕಾದದ್ದು ಒಂದೇ: ನಾಳೆ ಅವಳ ಫೋಟೋ ಮುಂದೆ ಅವಳದೇ ದನಿ. ಅದನ್ನು ತರಲೆಂದೇ ನಯಾಜನ ಕಡೆ ಹೊರಟಿದ್ದ.

ಕರೆಯದೆಯೂ ಜೊತೆಗೆ ಬಂದಿದ್ದಳು ಪಕ್ಕದ ಮನೆಯ ಫಕ್ಕೀರವ್ವ, ಉಡಚವ್ವನ ಜೊತೆ ತೊಟ್ಟು ಬಿಡಿಸಿದವಳು.

"ಡ್ರಮ್ಮಿನ ಹಾಡ ಚಲೋ ಐತಿ ಬಿಡೋ ಯಣ್ಣಾ. ಮನಿಗೆ ಹೋಗೂಣು."

ಬಸ್ಸಿಳಿದ ಕೂಡಲೇ ಅವಳಿಗೆ ಹೊಟ್ಟೆನೋವು ಬಂತು. ಆಮೇಲೆ ಚಪ್ಪಲಿ ಹರಿಯಿತು. ಆಟೋದವನಿಗೆ ಎರಡು ಸಲ ತಪ್ಪು ದಾರಿ ಹೇಳಿ, ಮಲ್ಲೇಶಪ್ಪನಿಗೆ ಊರೆಲ್ಲ ತೋರಿಸಿದಳು.

ಕೊನೆಗೂ ಸಿಕ್ಕ ನಯಾಜ ಉದ್ದ ಕೂದಲನ್ನು ಹಿಂದಕ್ಕೆ ತಳ್ಳಿದ. "ಕಾಕಾ, ಅಮೆರಿಕಾದಾಗೂ ಹಿಂಗ ಆಗೇತಿ. ಹತ್ತಿ ಬಿಡಿಸೋ ಮಂದಿ ಅಳಕೋಂತ ಹಾಡಿದ್ರು, ಬ್ಲೂಸ್ ಅಂತಾರ. ಮುಂದ ಅಲ್ಲೇ ದಕ್ಷಿಣದ ಕಡೆ ಉದ್ದ ಕೂದ್ಲದ ಹುಡುಗ್ರು ಗಿಟಾರ್ ಹಚ್ಚಿ ಅದನ್ನ ಜೋರ ಮಾಡಿದ್ರು."

"ಅವರೂ ಮಂದಿ ಹೆಂಡ್ರ ಹಾಡ ಎತ್ಕೊಂಡ ಹೋಗಿದ್ರೇನು?"

ನಯಾಜ ಹಳೇ ಮೊಬೈಲು ಹುಡುಕಿ ತಂದ.

ದನಿ ಬಂತು. ಮೊದಲು ಮೆಣಸಿನಕಾಯಿ ಘಾಟಿಗೆ ಒಂದು ಕೆಮ್ಮು, ಆಮೇಲೆ ಹಾಡು. ಮಲ್ಲೇಶಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. "ನನ್ನ ನೆನಸೇ ಹಾಡ್ಯಾಳ ನೋಡು..."

"ಸಾಕ್ ಬಂದ್ ಮಾಡೋ ತಮ್ಮಾ!" ಫಕ್ಕೀರವ್ವ ಕೈ ಚಾಚಿದಳು. ತಡವಾಗಿತ್ತು. ಹಾಡು ಮುಗಿದಿತ್ತು, ರೆಕಾರ್ಡಿಂಗ್ ಮುಗಿದಿರಲಿಲ್ಲ. ಅದರೊಳಗಿಂದ ಫಕ್ಕೀರವ್ವನದೇ ದನಿ ಕೇಳಿತು: "ಇಷ್ಟ್ಯಾಕ ಅಳತೀಯವಾ ಉಡಚವ್ವಾ? ಮಲ್ಲೇಶಣ್ಣನ ನೆನಪೇನು?"

"ಅಂವಾ ಎಲ್ಲಿ ಹೋಗ್ಯಾನ, ಮನ್ಯಾಗ ಬಿದ್ದಾನ!" ಉಡಚವ್ವ ನಕ್ಕಳು. ನಗು ನಡುವೆಯೇ ಮುರಿಯಿತು. "ನನ್ನ ತವರುಮನಿ ಎಮ್ಮಿ ನೆನಪವಾ. ಗಿರಣಿಗೆ ಹೋಗುಮುಂದ ಹೊಡಕೊಂಡು ಹೋಗಿ ಹಾವೇರಿ ಸಂತ್ಯಾಗ ಮಾರಿಬಿಟ್ಟ, ಭಾಡ್ಯಾ. ಒಂದ್ ಮಾತ್ ಕೇಳಲಿಲ್ಲ ನನ್ನ."

ಫಕ್ಕೀರವ್ವ ಹರಿದ ಚಪ್ಪಲಿಯನ್ನೇ ನೋಡುತ್ತ ನಿಂತಳು. ನಯಾಜ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ.

ಮಲ್ಲೇಶಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ತಮ್ಮಾ, ನಾಳೆ ಮನಿ ತುಂಬ ಬೀಗರು ಬರತಾರ. ಆ ಡ್ರಮ್ಮಿನ ಹಾಡ ಹಾಕಿಕೊಡು. ಕಡೀತನಕಾ ಜೋರ ಇರಲಿ."