ಅಪ್ಪನ ತಿಥಿಗೆ ಹಾರಿದ ವಿಮಾನ

ನಮ್ಮೂರಿನಲ್ಲಿ ಬಿ.ಎಸ್ಸಿ. ಓದಿದವನು ನಾನೊಬ್ಬನೇ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ನಡೆದ ಅನಾಹುತಕ್ಕೆಲ್ಲ ಅದೇ ಮೂಲ. ಹೊಂಗಡಹಳ್ಳದ ಆಚೆಗಿನ ನಮ್ಮ ಊರಿಂದ ಸಕಲೇಶಪುರದ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಹೋದ ಮೇಲೆ, ಲೋಕದಲ್ಲಿ ನನಗೆ ಗೊತ್ತಿಲ್ಲದ ವಿಷಯ ಏನಾದರೂ ಇದ್ದರೆ ಅದು ಅಷ್ಟೇನೂ ಮುಖ್ಯವಾದದ್ದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು.

ಅಪ್ಪ ಎಸ್ಟೇಟಿನ ಪಲ್ಪರ್ ಮನೆಯಲ್ಲಿ ಎಂಜಿನ್ ಓಡಿಸುತ್ತಿದ್ದ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರಕ್ಕೆ ಪಟ್ಟಿ ಹಾಕಿ ಕಟ್ಟಿದ ದೊಡ್ಡ ಡೀಸೆಲ್ ಎಂಜಿನ್ ಅದು. ಅಪ್ಪನಿಗೆ ಹೆಬ್ಬೆಟ್ಟು ಒತ್ತುವುದು ಬಿಟ್ಟರೆ ಬೇರೆ ಬರಹ ಬರುತ್ತಿರಲಿಲ್ಲ. ಆದರೆ ಕೂಲಿಯವರ ಲೈನಿನ ಮನೆಯಲ್ಲಿ ಕೂತು ಸದ್ದು ಕೇಳಿಯೇ ಅದಕ್ಕೆ ಏನು ಕಾಯಿಲೆ ಎಂದು ಹೇಳುತ್ತಿದ್ದ.

ಎಸ್ಟೇಟಿನ ದೊರೆ ಇಂಗ್ಲೆಂಡಿನವನು. ತೋಟ ಮಾರಿ ತನ್ನ ದೇಶಕ್ಕೆ ಹೊರಡುವ ಮುಂಚೆ ಅಪ್ಪನನ್ನೂ ನನ್ನನ್ನೂ ಬಂಗಲೆಗೆ ಕರೆಸಿದ. ಜಗಲಿಯ ಮೇಲೆ ಮೂರು ರಟ್ಟಿನ ಪೆಟ್ಟಿಗೆ ಇದ್ದವು. ಮೂರರಲ್ಲೂ ಆಟದ ವಿಮಾನದ ಬಿಡಿ ಭಾಗಗಳು. ನಾವೇ ಕೂಡಿಸಿ, ನಾವೇ ಹಾರಿಸಬೇಕು. ನೆಲದಲ್ಲಿ ನಿಂತು ರೇಡಿಯೋ ಪೆಟ್ಟಿಗೆಯ ಗುಂಡಿ ಒತ್ತಿದರೆ ಮೇಲೆ ಅದು ತಿರುಗುತ್ತದಂತೆ. ಎಲ್ಲಕ್ಕೂ ಸಣ್ಣದರಲ್ಲಿ ಎಂಜಿನ್ನೇ ಇಲ್ಲ, ಬರೀ ಗಾಳಿಯಲ್ಲಿ ತೇಲುವುದು. ಇನ್ನೊಂದಕ್ಕೆ ಮೂಗಿನ ಮೇಲೆ ಒಂದು ಎಂಜಿನ್. ಮೂರನೆಯದಕ್ಕೆ ರೆಕ್ಕೆಗೊಂದರಂತೆ ಎರಡು.

"ಮಾಸ್ಟರ್, ಒಂದು ತಗೋ. ಮೊದಲು ಸಣ್ಣದು. ಸುಲಭ," ಎಂದ ದೊರೆ.

ಅಪ್ಪ ನಡುವಿನ ಪೆಟ್ಟಿಗೆ ತೋರಿಸಿದ. "ಒಂದಿರೋದು ತಗಳಪ್ಪ. ಜೋಡೆತ್ತಿನ ಗಾಡೀಲಿ ಒಂದೆತ್ತು ಮಲಗ್ಬುಟ್ರೆ ಗಾಡಿ ಎಲ್ಲಿಗೋಯ್ತದೆ ಹೇಳು? ಅದರ ಕಡೀಕೇ ತಿರುಗ್ತದೆ."

"ಅಪ್ಪಾ, ಇದು ಗಾಡಿಯಲ್ಲ. ಒಂದು ನಿಂತರೆ ಇನ್ನೊಂದು ಮನೆಗೆ ತರಲಿ ಅಂತಲೇ ಎರಡು ಇಟ್ಟಿರೋದು. ಇದು ವಿಜ್ಞಾನ."

"ಹಂಗಾದ್ರೆ ಸರಿ," ಎಂದ ಅಪ್ಪ. ನನ್ನ ವಿಜ್ಞಾನಕ್ಕೆಲ್ಲ ಅವನು ಹಾಗೇ ಅನ್ನುತ್ತಿದ್ದ. ದೊರೆ ಮಾತ್ರ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಎರಡು ಎಂಜಿನ್ನಿನ ಪೆಟ್ಟಿಗೆ ಎತ್ತಿಕೊಟ್ಟ. ಆ ನೋಟವನ್ನು ನಾನು ಗೌರವ ಎಂದುಕೊಂಡೆ.

ಶನಿವಾರ ಊರಿಗೆ ಬಂದು ಕೂತರೆ ಸೋಮವಾರದ ಬಸ್ಸಿನವರೆಗೂ ಅದೇ ಕೆಲಸ. ಬೆಂಡಿನಷ್ಟು ಹಗುರವಾದ ಮರದ ಕಡ್ಡಿಗಳನ್ನು ಅಂಟಿಸಿ ರೆಕ್ಕೆ ಕಟ್ಟಬೇಕು, ಮೇಲೆ ತೆಳು ಕಾಗದ ಹೊದಿಸಬೇಕು, ಕಾಗದ ಬಿಗಿಯಾಗಲು ಒಂದು ತರದ ದ್ರವ ಬಳಿಯಬೇಕು. ಇಂಗ್ಲಿಷಿನ ಸೂಚನಾ ಪುಸ್ತಕ ಇತ್ತು. ಅದರ ಮೊದಲ ಅರ್ಧವನ್ನು ನಾನು ಓದಲಿಲ್ಲ. ಅದು ಡಿಗ್ರಿ ಇಲ್ಲದವರಿಗಾಗಿ ಬರೆದದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ದೊರೆ ಕೊಟ್ಟ ದ್ರವದ ಸೀಸೆ ಒಣಗಿ ಕಲ್ಲಾಗಿತ್ತು. ಎಸ್ಟೇಟ್ ಸ್ಟೋರಿನಲ್ಲಿ ನೀರಿನ ತೊಟ್ಟಿಗೆ ಬಳಿಯುವ ಕಪ್ಪು ಬಣ್ಣ ಇತ್ತು. ಲೆಕ್ಕ ಬರೆಯುವ ರೈಟರನ್ನು ಕೇಳಿ ಒಂದು ಡಬ್ಬಿ ತಂದು, ಮೂಗಿನಿಂದ ಬಾಲದವರೆಗೂ ಎರಡು ಸಲ ಬಳಿದೆ. ಹದ್ದಿನ ಹಾಗೆ ಕಾಣಲಿ ಎಂಬುದು ನನ್ನ ಉದ್ದೇಶ.

ಅವ್ವ ಅಡುಗೆಮನೆಯಿಂದ ಇಣುಕಿ, "ಇದೇನ್ಲಾ, ಇಷ್ಟು ದಿನ ಕೂತ್ಕಂಡು ಕಾಗೆ ಮಾಡಿದೀಯ?" ಅಂದಳು.

ವಸ್ತುವಿನ ಹಾರಾಟಕ್ಕೂ ಅದರ ಬಣ್ಣಕ್ಕೂ ಯಾವುದೇ ಸಂಬಂಧ ಇರುವುದಿಲ್ಲ ಎಂದು ಅವಳಿಗೆ ತಿಳಿಯಪಡಿಸಿದೆ. ತಾತ್ವಿಕವಾಗಿ ಅದು ಸರಿ. ತೂಕಕ್ಕೆ ಸಂಬಂಧ ಇತ್ತು. ಬಣ್ಣ ಒಣಗಿದ ಮೇಲೆ ವಿಮಾನ ಒಂದು ಕೈಯಲ್ಲಿ ಎತ್ತುವ ಹಾಗಿರಲಿಲ್ಲ.

ಇನ್ನು ಎಂಜಿನ್. ನಿಂಬೆಹಣ್ಣಿನಷ್ಟು ಗಾತ್ರ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಕಲಸಿ ಹೊಯ್ದು, ಮುಂದಿನ ಪಂಖವನ್ನು ಬೆರಳಲ್ಲಿ ಪಟ್ಟನೆ ತಿರುಗಿಸಬೇಕು. ಹತ್ತಿದರೆ ಹತ್ತಿತು, ಇಲ್ಲವಾದರೆ ಹಿಂದಕ್ಕೆ ತಿರುಗಿ ಬೆರಳಿಗೆ ಹೊಡೆಯುತ್ತದೆ. ಎಡಗಡೆಯದು ಹತ್ತಿದರೆ ಬಲಗಡೆಯದು ಹತ್ತದು. ಬಲಗಡೆಯದನ್ನು ಹತ್ತಿಸುವಷ್ಟರಲ್ಲಿ ಎಡಗಡೆಯದು ಆರಿರುತ್ತದೆ. ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡು, ಸೀಮೆಸುಣ್ಣ ಹಿಡಿಯಲಾಗದೆ, ಒಂದು ವಾರ ಹೈಸ್ಕೂಲಿನಲ್ಲಿ ಬಾಯಲ್ಲೇ ಪಾಠ ಮಾಡಿದೆ.

ಅಷ್ಟು ಹೊತ್ತಿಗೆ ಅಪ್ಪನಿಗೆ ಎದೆ ಕಟ್ಟುವ ಕೆಮ್ಮು ಹಿಡಿದಿತ್ತು. ಕಂಬಳಿ ಹೊದ್ದು ಜಗಲಿಯ ಮೇಲೆ ಕೂತಿರುತ್ತಿದ್ದ. ಒಂದು ಭಾನುವಾರ, "ಎಡಗಡೇದಕ್ಕೆ ಎಣ್ಣೆ ಜಾಸ್ತಿ ಕುಡಿಸ್ತಿದೀಯ. ಇಲ್ ಕೊಡು," ಅಂದ. ಕಿವಿಯ ಹತ್ತಿರ ಹಿಡಿದು, ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಒಂದೇ ಏಟಿಗೆ ಹತ್ತಿತು. ಎಣ್ಣೆ ಮುಗಿಯುವವರೆಗೂ ಓಡಿತು.

"ಬಲಗಡೇದೂ ಇತ್ತ ಕೊಡ್ಲಾ."

"ಬೇಡಪ್ಪ. ಅದನ್ನ ಪುಸ್ತಕ ನೋಡಿ ನಾನೇ ಮಾಡ್ತೀನಿ."

"ಹಂಗಾದ್ರೆ ಸರಿ."

ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ನಮ್ಮುಡ್ಗ ಇಮಾನ ಕಟ್ಟವ್ನೆ, ಬಂದು ನೋಡೋಗು," ಎಂದು ಹೇಳುವುದೊಂದೇ ಅವನಿಗೆ ಉಳಿದ ಕೆಲಸವಾಗಿತ್ತು. ಯಾವತ್ತು ಹಾರಿಸುತ್ತಾನೆ ಎಂದು ಅವರು ಕೇಳಿದರೆ ನನ್ನ ಕಡೆ ನೋಡುತ್ತಿದ್ದ. ಮುಂದಿನ ವಾರ ಎಂದು ನಾನು ಹೇಳುತ್ತಿದ್ದೆ. ಹಾಗೆ ಆರು ವಾರ ಹೇಳಿದೆ. ಏಳನೆಯ ವಾರ ವಿಮಾನ ನೆಲ ಬಿಡುವ ಮೊದಲೇ ಅಪ್ಪ ನಮ್ಮನ್ನು ಬಿಟ್ಟ.

ಹನ್ನೊಂದನೆಯ ದಿನ ತಿಥಿ. ಊರ ಹಿಂದಿನ ಬೋಳುಗುಡ್ಡದ ಮೇಲೆ ಸಮಾಧಿ. ಬಾಳೆಲೆಯಲ್ಲಿ ಮುದ್ದೆ, ಅನ್ನ, ವಡೆ, ಪಾಯಸ, ಪಕ್ಕದಲ್ಲಿ ಒಂದು ಲೋಟ ಕಾಫಿ, ಒಂದು ಕಟ್ಟು ಬೀಡಿ ಇಟ್ಟು ನಾವೆಲ್ಲ ದೂರ ಸರಿದು ಕೂತೆವು. ಕಾಗೆ ಬಂದು ಎಡೆ ಮುಟ್ಟಬೇಕು. ಮುಟ್ಟಿದರೆ ಸತ್ತವರು ತೃಪ್ತಿಯಾಗಿ ಹೋದರು ಎಂದು ಅರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ.

ಮುಟ್ಟುವವರೆಗೂ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವುದಿಲ್ಲ ಎಂದು ಅವ್ವ ಬೆಳಿಗ್ಗೆಯೇ ಹೇಳಿದ್ದಳು. ಹತ್ತು ದಿನದಿಂದ ಅವಳು ಸರಿಯಾಗಿ ಉಂಡಿರಲಿಲ್ಲ. ಕೂತಲ್ಲಿಂದ ಎದ್ದರೆ ಗೋಡೆ ಹಿಡಿಯುತ್ತಿದ್ದಳು. ಆ ಗುಡ್ಡದ ಮೇಲೆ ಹಿಡಿಯಲು ಗೋಡೆಯೂ ಇರಲಿಲ್ಲ.

ಕೆಳಗಿನ ಸಿಲ್ವರ್ ಓಕ್ ಮರದ ತುಂಬ ಕಾಗೆ. ಒಂದೂ ಇಳಿಯಲಿಲ್ಲ. ಮಧ್ಯಾಹ್ನವಾಯಿತು. ಆಲೂರು ಕಡೆಯಿಂದ ಬಂದ ನೆಂಟರು ನಾಲ್ಕು ಗಂಟೆಯ ಬಸ್ಸನ್ನೂ ಹಸಿವನ್ನೂ ಮಾತಿನಲ್ಲಿ ತರತೊಡಗಿದರು.

"ಆಸೆ ಐತೆ ಕಣೋ ಅವಂಗೆ," ಎಂದ ದೊಡ್ಡಪ್ಪ, ಅಪ್ಪನ ಅಣ್ಣ. "ಏನೂ ಅಂತ ನೆಪ್ಪು ಮಾಡ್ಕಂಡು, ಮಾಡ್ತೀನಿ ಅಂತ ಗಟ್ಟಿಯಾಗ್ ಹೇಳು."

ಅಪ್ಪನ ತಂಗಿ, ಆಲೂರಿನ ಅತ್ತೆ, ತಡಮಾಡಲಿಲ್ಲ. "ಇನ್ನೇನಿದ್ದಾತು ಅಣ್ಣಂಗೆ. ನನ್ ಮಗಳ್ನ ಇವನಿಗೆ ತರ್ಬೇಕು ಅಂತಿತ್ತು. ಹೇಳಪ್ಪ, ಮದುವೆ ಆಯ್ತೀನಿ ಅನ್ನು."

ಎಲ್ಲರೂ ನನ್ನನ್ನು ನೋಡಿದರು. "ನೋಡೋಣ," ಎಂದೆ. ಕಾಗೆ ಕದಲಲಿಲ್ಲ.

"ನೋಡಾಣ ಅಂದ್ರೆ ಕಾಗೆ ಬತ್ತದಾ?" ಎಂದಳು ಅತ್ತೆ.

ದೊಡ್ಡಪ್ಪ ಹಸು ಕೊಳ್ಳುವ ಮಾತು ತೆಗೆದ. ಬಚ್ಚಲುಮನೆಯ ಮಾಡು ಹೊದಿಸುವ ಮಾತು ತೆಗೆದ. ನಾನು ಒಂದೊಂದಕ್ಕೂ ಎದ್ದು ನಿಂತು ಒಪ್ಪಿಕೊಂಡೆ. ಕಾಗೆಗಳು ಆಲಿಸುತ್ತಿದ್ದವು, ಅಷ್ಟೆ. ಆಗ ಹಿಂದಿನಿಂದ ಯಾರೋ ಮುದುಕರು, "ಆ ಇಮಾನ ಒಂದಿತ್ತಲ್ಲ," ಎಂದರು.

ಗುಂಪಿನಲ್ಲಿ ಹೌದು ಹೌದು ಎಂಬ ಸದ್ದು ಎದ್ದಿತು. ಅವ್ವ ಮೊದಲ ಸಲ ತಲೆ ಎತ್ತಿದಳು.

ಕಾಗೆಗೂ ಆತ್ಮಕ್ಕೂ ಸಂಬಂಧ ಇಲ್ಲವೆಂದು ನಾನು ಹೇಳಬಹುದಿತ್ತು. ಆದರೆ ಅವ್ವನ ತುಟಿ ಒಣಗಿ ಬಿರಿದಿತ್ತು. ಅದೂ ಅಲ್ಲದೆ, ನಿಜ ಹೇಳಬೇಕೆಂದರೆ, ಇಷ್ಟು ಜನ ಒಂದೇ ಕಡೆ ಸೇರಿ ನನ್ನ ವಿಮಾನ ನೋಡುವ ಅವಕಾಶ ಮತ್ತೆ ಸಿಗುವ ಹಾಗಿರಲಿಲ್ಲ. "ಹಾರಿಸ್ತೀನಿ ಅಪ್ಪಾ, ಈಗಲೇ," ಎಂದೆ.

ವಿಮಾನವನ್ನು ಮನೆಯಿಂದ ಇಬ್ಬರು ಹೊತ್ತು ತಂದರು. ಎದುರಿನಿಂದ ನೋಡಿದರೆ ಇನ್ನೊಂದು ಹೆಣ ಬಂದ ಹಾಗಿತ್ತು. ಎಡಗಡೆಯ ಎಂಜಿನ್, ಅಪ್ಪ ಸರಿಮಾಡಿದ್ದು, ಒಂದೇ ಏಟಿಗೆ ಹತ್ತಿತು. ಬಲಗಡೆಯದು ನನ್ನ ಎರಡು ಬೆರಳಿನ ರಕ್ತ ಕುಡಿದು ಕೆಮ್ಮುತ್ತಾ ಎದ್ದಿತು. ಸದ್ದಿಗೆ ಸಿಲ್ವರ್ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದು ಬಿಸಿಲೆ ಕಾಡಿನ ದಿಕ್ಕಿಗೆ ಹೋದವು. ಕಾಗೆ ಕರೆಯುವುದಕ್ಕೆ ಹೊರಟ ಮನುಷ್ಯ ಇದ್ದ ಕಾಗೆಗಳನ್ನೂ ಓಡಿಸಿದ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ವಿಮಾನ ನೋಡುತ್ತಿದ್ದರು.

ದೊಡ್ಡಪ್ಪ ಅದನ್ನು ತಲೆಯ ಮೇಲೆತ್ತಿ, ಇಳಿಜಾರಿನಲ್ಲಿ ಓಡಿ ಬಿಟ್ಟ. ಹಾರಿತು. ಸುಳ್ಳಲ್ಲ, ಮೂರು ಆಳೆತ್ತರಕ್ಕೆ ಹಾರಿತು. ಹೆಂಗಸರು ಕೈ ಮುಗಿದರು. ನಾನು ರೇಡಿಯೋ ಪೆಟ್ಟಿಗೆ ಹಿಡಿದು, ಮುಂದೆ ಫೋಟೋ ತೆಗೆಯುವವರಿದ್ದಾರೇನೋ ಎಂಬಂತೆ ನಿಂತಿದ್ದೆ.

ಬಲಗಡೆಯ ಎಂಜಿನ್ ನಿಂತಿತು.

ವಿಮಾನ ಬಲಕ್ಕೆ ತಿರುಗಿತು. ಮಲಗಿದ ಎತ್ತಿನ ಕಡೆಗೇ. ಗುಂಡಿ ಒಂದು ಸಲ ಒತ್ತಿದರೆ ಎಡ, ಎರಡು ಸಲ ಒತ್ತಿದರೆ ಬಲ. ನಾನು ಎಷ್ಟು ಸಲ ಒತ್ತಿದೆನೋ ಇವತ್ತಿಗೂ ಗೊತ್ತಿಲ್ಲ. ಅದು ಮೂಗು ತಗ್ಗಿಸಿ, ಸುತ್ತಿ ಸುತ್ತಿ, ಜನರ ತಲೆಯ ಮೇಲಿಂದ ಒಂದು ಸುತ್ತು ಬಂದು, ಎಡೆಯಿಂದ ಎರಡು ಮಾರು ಆಚೆ ನೆಲಕ್ಕೆ ಬಿತ್ತು. ಅದರ ಗಾಳಿಗೆ ಕಾಫಿ ಲೋಟ ಉರುಳಿತು. ಎಡಗಡೆಯ ಎಂಜಿನ್ ಬಿದ್ದ ಮೇಲೂ ಸ್ವಲ್ಪ ಹೊತ್ತು ಹುಲ್ಲು ಕತ್ತರಿಸುತ್ತಾ ಓಡುತ್ತಲೇ ಇತ್ತು.

ಆಗ ಕಾಗೆ ಬಂದವು.

ಒಂದು ಬಂತು. ಆಮೇಲೆ ಹತ್ತು. ಆಮೇಲೆ ಬಿಸಿಲೆ ಕಡೆಗೆ ಹೋದವೂ ಹೋಗದವೂ ಎಲ್ಲ ಬಂದವು. ದೊಡ್ಡಪ್ಪ ಕೈಮುಗಿದು, "ಬಾರಪ್ಪ, ಬಾ ತಮ್ಮಾ," ಎಂದು ಕರೆದ. ಆದರೆ ಅವು ಎಡೆಯ ಕಡೆ ಕತ್ತೆತ್ತಿಯೂ ನೋಡಲಿಲ್ಲ. ರೆಕ್ಕೆ ಮುರಿದುಕೊಂಡು ಕಪ್ಪಗೆ ಅಂಗಾತ ಬಿದ್ದಿದ್ದ ನನ್ನ ವಿಮಾನದ ಸುತ್ತ ಕೂತು, ತಮ್ಮ ಕುಲದ ಯಾರೋ ಹಿರಿಯರು ತೀರಿಕೊಂಡರೆಂದು ಬಾಯಿ ಬಡಿದುಕೊಂಡು ಅಳಲು ಶುರು ಮಾಡಿದವು. ಕಾಗೆ ಸತ್ತ ಕಡೆ ಕಾಗೆ ಉಣ್ಣುವುದಿಲ್ಲ. ಅಪ್ಪನ ತಿಥಿಗೆ ಬಂದವರಿಗಿಂತ ವಿಮಾನದ ತಿಥಿಗೆ ಬಂದವರೇ ಜಾಸ್ತಿ.

"ಅದಕ್ಕೂ ಒಂದು ಎಡೆ ಇಟ್ಬುಡಿ ಮೇಷ್ಟ್ರೆ," ಎಂದ ದೊಡ್ಡಪ್ಪ. ಅವನು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ನಗುವವರು ಬಾಯಿಗೆ ಪಂಚೆ ಅಡ್ಡ ಹಿಡಿದರು. ಅವ್ವ ನಗಲಿಲ್ಲ. ಎದ್ದು ನಿಲ್ಲಲು ಹೋಗಿ ಆಗದೆ ಕೂತಲ್ಲೇ ಕುಸಿದಳು. ನಾನು ಓಡಿಹೋಗಿ ಭುಜ ಹಿಡಿದುಕೊಂಡೆ. ನೀರು ತಂದರೆ ತಲೆ ಆಚೆ ತಿರುಗಿಸಿದಳು. ಮೈ ಬಿಸಿಯಾಗಿತ್ತು. ಇನ್ನೊಂದು ವಾರಕ್ಕೆ ಇನ್ನೊಂದು ಸಮಾಧಿ ತೋಡುವ ಚಿತ್ರ ನನ್ನ ಕಣ್ಣ ಮುಂದೆ ಬಂದು ಹೋಯಿತು.

"ಅವ್ವಾ, ಕಾಗೆಗೆ ಏನೂ ಗೊತ್ತಾಗಲ್ಲ ಕಣವ್ವಾ. ಒಂದು ಗುಟುಕು ಕುಡಿ."

"ಅದನ್ನ ಎತ್ತಿಡು," ಅಂದಳು ಅವ್ವ ವಿಮಾನದ ಕಡೆ ಕಣ್ಣು ಮಾಡಿ. "ಕೆಟ್ಟೋಯ್ತು ಅಂತ ನಿಮ್ಮಪ್ಪಂಗೆ ನೀನೇ ಹೇಳು. ಇಂಟರ್ ಪರೀಕ್ಷೇಲಿ ಫೇಲಾದಾಗ ನನ್ ಕೈಲಿ ಹೇಳ್ಸಿದ್ದೆ. ಈಗ ನಂಗೆ ತ್ರಾಣ ಇಲ್ಲ."

ಫೇಲಾದ ಸಂಗತಿ ಊರಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಅತ್ತೆ ಗೋಣಿಚೀಲ ತಂದು ವಿಮಾನವನ್ನು ಸುತ್ತಿ ಪೊದೆಯ ಹಿಂದಕ್ಕೆ ಎಳೆದುಕೊಂಡು ಹೋದಳು. ಕಾಗೆಗಳು ಎದ್ದು ಮರಕ್ಕೆ ವಾಪಸು ಹೋದವು. ನಾನು ಎಡೆಯ ಮುಂದೆ ನಿಂತೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತು ಬಹುಮಾನ ತಂದವನು ಅಲ್ಲಿ ಮೂರೇ ಮಾತು ಹೇಳಿದೆ.

"ಅಪ್ಪಾ, ಬಲಗಡೆ ಎಂಜಿನ್ ನಿಂತೋಯ್ತು. ನಿನ್ ಕೈಗೇ ಕೊಡಬೇಕಿತ್ತು. ನನಗೆ ಬರಲ್ಲ ಅದು."

ಹೇಳಿ ಹಿಂದಕ್ಕೆ ಬಂದು ಅವ್ವನ ಪಕ್ಕ ಕೂತೆ. ತುಂಬ ಹೊತ್ತಾಯಿತು. ನಾಲ್ಕು ಗಂಟೆಯ ಬಸ್ಸು ಕೆಳಗಿನ ರಸ್ತೆಯಲ್ಲಿ ಹಾರ್ನ್ ಮಾಡಿ ಹೊರಟುಹೋಯಿತು. ಆಮೇಲೆ ಮರದಿಂದ ಒಂದು ಕಾಗೆ ಇಳಿಯಿತು. ಎಡೆಯ ಸುತ್ತ ನಡೆದು, ನನ್ನನ್ನು ಒಂದು ಸಲ ಓರೆಗಣ್ಣಲ್ಲಿ ನೋಡಿ, ಒಂದು ವಡೆ ಕಚ್ಚಿಕೊಂಡು ಹೋಯಿತು.

ಗುಡ್ಡವೆಲ್ಲ ಉಸಿರು ಬಿಟ್ಟಿತು. ಕಪ್ಪು ವಸ್ತು ಕಣ್ಣಿಂದ ಮರೆಯಾಗಿತ್ತು, ಸದ್ದು ನಿಂತಿತ್ತು, ಹಸಿದ ಪಕ್ಷಿ ಬಂತು. ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದೆ. ಅವ್ವ ನೀರಿನ ಲೋಟಕ್ಕೆ ಕೈ ಚಾಚಿದ್ದಳು. ಮುಚ್ಚಿಕೊಂಡೆ.

ಅವ್ವ ನೀರು ಕುಡಿದಳು, ಮನೆಗೆ ಬಂದು ಅರ್ಧ ಮುದ್ದೆ ಉಂಡಳು. ಬಸ್ಸು ತಪ್ಪಿದ ನೆಂಟರು ಎರಡು ದಿನ ಉಂಡರು.

ಅತ್ತೆ ಹೊರಡುವಾಗ ಮಗಳ ಮಾತು ಎತ್ತಲಿಲ್ಲ. ಗೋಣಿಚೀಲದ ಮಾತು ಎತ್ತಿದಳು. "ಆ ಮುರುಕ್ಲು ನಂಗಿರಲಿ. ಅಂಗಳದಲ್ಲಿ ಸಂಡಿಗೆ ಹಾಕಿದ್ರೆ ಕಾಗೆ ಕಾಟ ತಡಿಯಕ್ಕಾಗಲ್ಲ."

ಆಲೂರಿನ ಅಂಗಳದಲ್ಲಿ ಒಂದು ಗಳುವಿಗೆ ತಲೆಕೆಳಗಾಗಿ ನೇತುಹಾಕಿದಳಂತೆ. ಆ ವರ್ಷವೆಲ್ಲ ಒಂದೇ ಒಂದು ಕಾಗೆ ಸುಳಿಯಲಿಲ್ಲವಂತೆ. ಮಾರನೆಯ ವರ್ಷ ಬೇಸಿಗೆಗೆ ಹೇಳಿಕಳಿಸಿದಳು: ಪಕ್ಕದ ಮನೆಯವರೂ ಕೇಳುತ್ತಿದ್ದಾರೆ, ಪುರುಸೊತ್ತಿದ್ದರೆ ಅಂಥದ್ದೇ ಇನ್ನೊಂದು ಮಾಡಿಕೊಡಬೇಕಂತೆ.

ಎಂಜಿನ್ ಬೇಡವಂತೆ.