ನಲವತ್ತೆರಡನೇ ಜಾಗದಲ್ಲಿ ನಮ್ಮ ಭಾವನ ಊಟ

ಓದಲು ಕೂತಿರುವ ಎಲ್ಲರಿಗೂ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಅದೂ ಎರಡನೇ ಸಲ ಕೂತು. ಈಗ ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಬೆರಳಿನ ತಪ್ಪು, ವಿಷಯ ತಪ್ಪಿದ್ದರೆ ನನ್ನ ತಪ್ಪು. ಎರಡನ್ನೂ ಹೊಟ್ಟೆಗೆ ಹಾಕಿಕೊಳ್ಳಿ.

ಪಾರ್ಕಿಂಗ್ ದಂಡ ಹಾಕಬೇಡಿ ಎಂದು ಬೇಡಿಕೊಳ್ಳುವವರನ್ನು ನೀವೆಲ್ಲ ನೋಡಿರುತ್ತೀರಿ. ದಯವಿಟ್ಟು ನನಗೊಂದು ದಂಡ ಹಾಕಿ ಎಂದು ಕಂಪನಿಗೆ ಫೋನು ಮಾಡಿ ಬೇಡಿಕೊಂಡವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನಮ್ಮ ಭಾವ, ಅಂದರೆ ನಮ್ಮಕ್ಕನ ಗಂಡ.

ನಾವಿರುವುದು ಮಲೇಷ್ಯಾದಲ್ಲಿ. ಭಾವ ಸೈಬರ್‌ಜಯಾದ ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಟೆಸ್ಟರ್. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ಅವರಿಗೆ ಸಂಬಳ ಕೊಡುತ್ತಾರೆ. ಆಫೀಸು ಬಿಟ್ಟ ಮೇಲೆ ಅದೇ ಕೆಲಸವನ್ನು ಪುಚೊಂಗ್‌ನ ಮನೆಯಲ್ಲಿ ಬಿಟ್ಟಿಯಾಗಿ ಮಾಡುತ್ತಾರೆ. ಎಲ್ಲಿ ಏನು ಬೋರ್ಡು ಇದ್ದರೂ ಪೂರ್ತಿ ಓದಬೇಕು, ಓದಿದ್ದನ್ನು ಪಾಲಿಸಬೇಕು. ನಮ್ಮ ಕಟ್ಟಡದ ಲಿಫ್ಟಿನಲ್ಲಿ ಎಂಟು ಜನ ಎಂದು ಬರೆದಿದೆ. ಭಾವ ಒಳಗೆ ಬಂದವರನ್ನು ಎಣಿಸುತ್ತಾರೆ. ಒಂಬತ್ತನೆಯವರು ಬಂದರೆ ತಾವೇ ಇಳಿದು ಹನ್ನೊಂದು ಮಹಡಿ ಹತ್ತುತ್ತಾರೆ. ಒಂಬತ್ತನೆಯದು ಮಗುವಾಗಿದ್ದರೆ ಮಾತ್ರ, ಅದರ ತಾಯಿಯ ಹತ್ತಿರ ತೂಕ ಕೇಳಿ ತೀರ್ಮಾನ ಮಾಡುತ್ತಾರೆ!

ಇಂಥ ಮನುಷ್ಯನ ಜೊತೆ ನಮ್ಮಕ್ಕ ಇಪ್ಪತ್ತೇಳು ವರ್ಷ ಬಾಳಿದ್ದಾಳೆ. ಅವಳದ್ದೂ ಒಂದು ನಿಯಮ ಇದೆ. ಭಾವನ ಊಟ ಆಗದೆ ಅವಳು ತುತ್ತು ಮುಟ್ಟುವುದಿಲ್ಲ. ಇದೇನು ಪತಿಭಕ್ತಿ ಎಂದು ಕೈ ಮುಗಿಯಬೇಡಿ. ನಾನೇ ಒಮ್ಮೆ ಕೇಳಿದ್ದೆ.

"ಭಕ್ತಿನೂ ಇಲ್ಲ, ಸುಡುಗಾಡೂ ಇಲ್ಲ ಕಣೋ," ಅಂದಳು. "ಅವರು ಮೊದಲು ತಿಂದು, ಉಪ್ಪು ಕಮ್ಮಿ, ಹುಳಿ ಜಾಸ್ತಿ ಅಂತ ಹೇಳೋದೆಲ್ಲ ಹೇಳಿ ಎದ್ದು ಹೋಗ್ಲಿ. ಆಮೇಲೆ ನಾನು ನೆಮ್ಮದಿಯಾಗಿ ತಿನ್ನಬಹುದು."

ಕಾರಣ ಏನೇ ಇರಲಿ, ಅಭ್ಯಾಸ ಅಭ್ಯಾಸವೇ. ಕೋವಿಡ್ ಕಾಲದಲ್ಲಿ ಅದೇ ಅಭ್ಯಾಸ ನಮ್ಮ ಕುತ್ತಿಗೆಗೆ ಬಂತು.

ನಾನು ಸೈಬರ್‌ಜಯಾದ ಒಂದು ಕ್ಯಾಂಟೀನಿನಲ್ಲಿ ಅಡುಗೆಯವನು. ಲಾಕ್‌ಡೌನ್ ಆಗಿ ಕ್ಯಾಂಟೀನು ಮುಚ್ಚಿತು, ನಾನು ಅಕ್ಕನ ಮನೆ ಸೇರಿಕೊಂಡೆ. ಆಗಲೇ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮನೆಯಿಂದ ಎರಡು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನೋಡಲು ಯಾರನ್ನೂ ಬಿಡುತ್ತಿರಲಿಲ್ಲ. ಮನೆಯಿಂದ ಹೊರಗೆ ಹೋಗುವುದಾದರೂ ಒಬ್ಬರೇ ಹೋಗಬೇಕು. ಅಕ್ಕನಿಗೆ ಸಕ್ಕರೆ ಕಾಯಿಲೆ ಬೇರೆ. ಇನ್ಸುಲಿನ್ ಚುಚ್ಚಿದ ಮೇಲೆ ಊಟ ಮಾಡದಿದ್ದರೆ ಸಕ್ಕರೆ ಕೆಳಗಿಳಿದು ಜೀವಕ್ಕೇ ಕಷ್ಟ.

ಮೊದಲ ದಿನ ಮಧ್ಯಾಹ್ನ ಅಕ್ಕ ಫೋನು ಮಾಡಿ, "ರೀ, ಊಟ ಆಯ್ತಾ?" ಅಂತ ಕೇಳಿದಳು. ಭಾವ "ಆಯ್ತು" ಅಂದರು. ಅವಳು ಉಂಡಳು. ಎರಡನೇ ದಿನ ಅವಳು ನನಗೂ ಫೋನು ಮಾಡಿ, "ಭಾವ ನಿನ್ನೆ ಏನು ತಿಂದ್ರೋ?" ಅಂದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ. "ಏನೂ ತಿನ್ನಲಿಲ್ಲ ಅಕ್ಕ, ತಟ್ಟೆ ಮುಂದೆ ಸುಮ್ನೆ ಕೂತಿದ್ರು," ಅಂದುಬಿಟ್ಟೆ.

ಅಲ್ಲಿಗೆ ಮುಗಿಯಿತು. ಭಾವ ವಿಡಿಯೋದಲ್ಲಿ ಖಾಲಿ ತಟ್ಟೆ ತೋರಿಸಿದರು.

"ತಟ್ಟೆ ತೋರಿಸ್ತೀರಿ, ಹೊಟ್ಟೆ ತೋರಿಸೋಕಾಗುತ್ತಾ?" ಅಂದಳು ಅಕ್ಕ. "ನಂಬಲ್ಲ. ವಿಡಿಯೋದಲ್ಲಿ ತಿಂದು ತೋರಿಸಿದ್ರೂ ಬೇಡ, ಕಣ್ಣಾರೆ ನೋಡಬೇಕು."

ಅವಳ ಹಾಸಿಗೆ ಇದ್ದದ್ದು ನಾಲ್ಕನೇ ಮಹಡಿಯ ಕಿಟಕಿ ಪಕ್ಕ. ಕೆಳಗೆ ಒಂದು ಖಾಸಗಿ ಕಂಪನಿಯ ಪಾರ್ಕಿಂಗ್ ಮೈದಾನ. ಆ ಮೈದಾನದ ತುಂಬ ದೊಡ್ಡ ದೊಡ್ಡ ಮರಗಳು, ಮೇಲಿನಿಂದ ಬರೀ ಎಲೆ ಕಾಣುತ್ತದೆ. ಎರಡು ಮರದ ನಡುವೆ ಒಂದೇ ಒಂದು ಸಂದು. ಆ ಸಂದಿನಲ್ಲಿ ಕಾಣುವುದು ನಲವತ್ತೆರಡನೇ ನಂಬರಿನ ಜಾಗ. ಭಾವ ಅಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆರೆದು, ನಾನು ಕಟ್ಟಿಕೊಟ್ಟ ಡಬ್ಬಿ ಬಿಚ್ಚಿ ಹನ್ನೆರಡೂವರೆಗೆ ಸರಿಯಾಗಿ ಊಟ ಮಾಡತೊಡಗಿದರು. ಮುಗಿದ ಮೇಲೆ ಡಬ್ಬಿ ಮಗುಚಿ ಕಿಟಕಿಯ ಕಡೆ ತೋರಿಸುವುದು. ಮೇಲೆ ಅಕ್ಕ ಆಸ್ಪತ್ರೆಯ ಅನ್ನಕ್ಕೆ ಕೈ ಹಾಕುವುದು. ನರ್ಸಮ್ಮನಿಗೂ ಸಮಾಧಾನ.

ಆದರೆ ಆ ಜಾಗ ತಿಂಗಳ ಪಾಸಿನವರಿಗೆ ಮೀಸಲು! ಮುಂದೆ ಬೋರ್ಡೂ ಇತ್ತು. ಭಾವ ಅದನ್ನು ಎರಡು ಸಲ ಓದಿದ್ದರಂತೆ. ಅವರು ಓದಿಯೂ ಮುರಿದ ನಿಯಮ ನನಗೆ ಗೊತ್ತಿದ್ದ ಮಟ್ಟಿಗೆ ಅದೊಂದೇ. ಪಾಸು ಇದ್ದದ್ದು ಯಾವುದೋ ಆಫೀಸಿನವರದ್ದು. ಆ ಆಫೀಸಿಗೇ ಬೀಗ. ಸುತ್ತ ಇಡೀ ಮೈದಾನ ಖಾಲಿ. ಆದರೂ ಮೂರನೇ ದಿನ ಕಾರಿನ ಗಾಜಿನ ಮೇಲೆ ಹಳದಿ ಚೀಟಿ ಬಂತು. ದಂಡ ಕಟ್ಟಬೇಕು, ಇಲ್ಲವೇ ಏಳು ದಿನದಲ್ಲಿ ಅಪೀಲು ಹಾಕಬೇಕು.

"ಕಟ್ಟಿ ಬಿಸಾಕಿ ಭಾವ," ಅಂದೆ.

"ಗಂಟೆ ಲೆಕ್ಕದ ದುಡ್ಡು ದಿನಾ ಕಟ್ತಾನೇ ಇದೀನಲ್ಲ. ದಂಡ ಕಟ್ಟಿದ್ರೆ ಅಲ್ಲಿ ನಿಲ್ಲಿಸಿದ್ದು ತಪ್ಪು ಅಂತ ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡ ಮೇಲೆ ನಾಳೆ ಯಾವ ಮುಖ ಇಟ್ಕೊಂಡು ಅಲ್ಲೇ ನಿಲ್ಲಿಸಲಿ? ನಿಲ್ಲಿಸದಿದ್ರೆ ನಿಮ್ಮಕ್ಕ ಉಣ್ತಾಳಾ? ಅಪೀಲು ಹಾಕೋಣ. ನೀನು ಟೈಪ್ ಮಾಡು."

ನಾನೇ ಯಾಕೆ ಅಂದರೆ, ನನಗೆ ಅಭ್ಯಾಸ ಆಗಲಿ ಅಂತ! ಕಂಪನಿಯ ಫಾರಂನಲ್ಲಿ ಕಾರಣ ಬರೆಯಲು ಇನ್ನೂರು ಅಕ್ಷರಕ್ಕೆ ಮಾತ್ರ ಜಾಗ. ಭಾವ ಕಣ್ಣು ಮುಚ್ಚಿಕೊಂಡು, ನಮ್ಮ ಕಡೆ ತಾಲ್ಲೂಕು ಆಫೀಸಿಗೆ ಅರ್ಜಿ ಬರೆಯುವ ಧಾಟಿಯಲ್ಲೇ ಇಂಗ್ಲಿಷಿನಲ್ಲಿ ಹೇಳಿಸಿದರು. ಮಾನ್ಯ ವ್ಯವಸ್ಥಾಪಕರ ದಿವ್ಯ ಸನ್ನಿಧಾನಕ್ಕೆ, ಕೆಳಗೆ ಸಹಿ ಮಾಡಿರುವ ನಾನು ತಮ್ಮಲ್ಲಿ ಅತ್ಯಂತ ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ... ಅಷ್ಟಕ್ಕೇ ಇನ್ನೂರು ಅಕ್ಷರ ತುಂಬಿತು. ಬೇಡಿಕೊಳ್ಳುವುದೇನು ಎಂದು ಬರೆಯಲು ಜಾಗವೇ ಇಲ್ಲ. ಹಾಗೇ ಕಳಿಸಿದೆವು.

ಎರಡು ದಿನಕ್ಕೆ ಉತ್ತರ ಬಂತು. ಕಾರು ಮಾರಾಟವಾಗಿರುವುದಕ್ಕೆ ದಾಖಲೆ ಕಳಿಸಿ ಎಂದಿತ್ತು. ಫಾರಂನ ಮೇಲುಗಡೆ ಕಾರಣಗಳ ಪಟ್ಟಿ ಇತ್ತಂತೆ. ನನ್ನ ಬೆರಳು 'ಇತರೆ' ಬಿಟ್ಟು 'ವಾಹನ ಮಾರಿದ್ದೇನೆ' ಎಂಬುದರ ಮೇಲೆ ಬಿದ್ದಿತ್ತು.

ಭಾವ ನನ್ನನ್ನು ಬಯ್ಯಲಿಲ್ಲ. "ಫಾರಂ ಮಾಡಿದೋನ ತಪ್ಪು ಇದು. ಎರಡೂ ಅಷ್ಟು ಹತ್ರ ಇಡಬಾರದಿತ್ತು," ಅಂದು ಕಂಪನಿಗೆ ಫೋನು ಹಚ್ಚಿದರು. ಫೋನೆತ್ತಿದ್ದು ಒಬ್ಬ ತಮಿಳು ಹೆಣ್ಣುಮಗಳು. ನಮ್ಮ ಭಾವನ ತಮಿಳು ಅಂದರೆ ಕನ್ನಡವನ್ನೇ ಸ್ವಲ್ಪ ಎಳೆದು, ಇಲ್ಲಿನವರ ಹಾಗೆ ಕೊನೆಗೆ 'ಲಾ' ಸೇರಿಸುವುದು. ಆದರೂ ಹೇಗೋ ನಡೆಯಿತು.

"ಅಂಕಲ್, ಅದು ಪಾಸಿನ ಜಾಗ ಲಾ. ಪಕ್ಕದಲ್ಲಿ ಎಷ್ಟೊಂದು ಖಾಲಿ ಇದೆ, ಅಲ್ಲಿ ನಿಲ್ಸಿ."

"ಪಕ್ಕದಲ್ಲಿ ನಿಲ್ಲಿಸಿದ್ರೆ ಮರ ಅಡ್ಡ ಬರುತ್ತಮ್ಮ. ನನಗೇ ಒಂದು ಪಾಸು ಕೊಡಿ."

"ಲಾಕ್‌ಡೌನ್ ಮುಗಿಯೋವರೆಗೂ ಹೊಸ ಪಾಸು ಇಲ್ಲ ಅಂಕಲ್."

"ಸರಿ. ಹಾಗಾದ್ರೆ ನಾಳೆನೂ ಅಲ್ಲೇ ನಿಲ್ಲಿಸ್ತೀನಿ. ಮುಂಚೇನೇ ಹೇಳಿದೀನಿ, ಬರ್ಕೊಳಿ."

ಮಾರನೇ ದಿನ ಭಾವ ಊಟದ ನಡುವೆ ಇದ್ದಾಗಲೇ ಇಬ್ಬರು ಬಂದು ಮುಂದಿನ ಚಕ್ರಕ್ಕೆ ಕಬ್ಬಿಣದ ಬೀಗ ಹಾಕಿದರು. ಫೋನಿನಲ್ಲಿ ವಿಷಯ ಕೇಳಿದ ನಾನು ದಂಡ ಎಷ್ಟಾಯಿತೋ ಎಂದು ಲೆಕ್ಕ ಹಾಕುತ್ತಾ ಕೂತೆ. ಭಾವ ಮಾತ್ರ ಎರಡು ಕಿಲೋಮೀಟರ್ ನಡೆದು ಮನೆಗೆ ಬಂದು, ಮಗ ಪಾಸಾದ ಸುದ್ದಿ ತಂದವರ ಹಾಗೆ ಶೂ ಬಿಚ್ಚಿದರು.

"ಕೆಲಸ ಆಯ್ತು ಕಣೋ. ಇನ್ನು ಆ ಕಾರನ್ನ ಅಲ್ಲಿಂದ ಯಾರೂ ಕದಲಿಸೋ ಹಾಗಿಲ್ಲ. ಕಂಪನಿನೇ ಜಾಗ ಹಿಡಿದುಕೊಟ್ಟಿದೆ."

"ದಂಡ ಕಟ್ಟಿ ಬಿಡಿಸ್ಕೊಳ್ಳಲ್ವಾ ಭಾವ?"

"ಅವಸರ ಏನಿದೆ?"

ದಿನಾ ನಡೆದು ಹೋಗುವುದು, ಬೀಗ ಬಿದ್ದ ಕಾರಿನಲ್ಲಿ ಕೂತು ಊಟ ಮಾಡುವುದು, ಡಬ್ಬಿ ಮಗುಚಿ ತೋರಿಸಿ ನಡೆದು ಬರುವುದು. ಈಗ ಫೋನು ಆ ಕಡೆಯಿಂದ ಬರತೊಡಗಿತು.

"ಅಂಕಲ್, ಗಾಡಿ ತಗೊಂಡು ಹೋಗಿ ಲಾ."

"ಹೇಗಮ್ಮ ತಗೊಂಡು ಹೋಗಲಿ? ನಿಮ್ಮ ಬೀಗ ಇದೆಯಲ್ಲ."

"ದಂಡ ಕಟ್ಟಿದ್ರೆ ತೆಗೀತಾರೆ."

"ಅಪೀಲು ಇನ್ನೂ ತೀರ್ಮಾನ ಆಗಿಲ್ಲಮ್ಮ. ಕಾರು ಮಾರಿದ ದಾಖಲೆ ಕೇಳಿದೀರಿ, ಹುಡುಕ್ತಾ ಇದೀನಿ."

ನಾಲ್ಕನೇ ದಿನ ಆ ಹೆಣ್ಣುಮಗಳೇ ಮೈದಾನಕ್ಕೆ ಬಂದಳು. ಭಾವನ ಬಾಯಲ್ಲಿ ಅನ್ನ ಇತ್ತು. ಮೇಲಕ್ಕೆ ಕೈ ತೋರಿಸಿದರು. ಅವಳು ತಲೆ ಎತ್ತಿ ನೋಡಿದಳು. ಮೇಲಿನಿಂದ ನಮ್ಮಕ್ಕ, ಇವಳ್ಯಾರು ಎಂಬಂತೆ ನೋಡುತ್ತಿದ್ದಳು! ಭಾವ ತುತ್ತು ನುಂಗಿ ಎಲ್ಲ ಹೇಳಿದ ಮೇಲೆ ಆ ಹೆಣ್ಣುಮಗಳು ಬೀಗ ತೆಗೆಸಿದಳು. ಈ ಕಾರಿಗೆ ಚೀಟಿ ಅಂಟಿಸಬೇಡಿ ಎಂದು ಕಂಪ್ಯೂಟರಿನಲ್ಲೂ ಬರೆಸಿದಳಂತೆ. ಅದನ್ನು ಕಾಗದದಲ್ಲಿ ಬರೆದುಕೊಡಿ ಎಂದು ಭಾವ ಕೇಳಿದ್ದಕ್ಕೆ ಮಾತ್ರ ಕೈ ಮುಗಿದು ಹೊರಟುಹೋದಳು.

ನಾವು ಗೆದ್ದೆವು ಅಂದುಕೊಂಡ ವಾರವೇ ಅಕ್ಕನ ಗಾಯಕ್ಕೆ ಕೀವಾಯಿತು, ಜ್ವರ ಏರಿತು. ಅವಳನ್ನು ಕಟ್ಟಡದ ಹಿಂದುಗಡೆಯ ಬೇರೆ ಕೋಣೆಗೆ ಹಾಕಿದರು. ಅಲ್ಲಿಂದ ಮೈದಾನ ಕಾಣುವುದಿಲ್ಲ. ಮೊದಲ ಮಧ್ಯಾಹ್ನವೇ ನರ್ಸಮ್ಮನ ಫೋನು.

"ಆಂಟಿ ಊಟ ಮುಟ್ತಾ ಇಲ್ಲ. ಅಂಕಲ್ ತಿಂದಿದ್ದಕ್ಕೆ ಸಾಕ್ಷಿ ಬೇಕಂತೆ. ನಾನು ಹೇಳಿದ್ರೂ ನಂಬಲ್ಲ, ನೀವೆಲ್ಲ ಅವರ ಕಡೆ ಅಂತಾರೆ."

ಭಾವ ಬಾಲ್ಕನಿಯಲ್ಲಿ ತುಂಬ ಹೊತ್ತು ನಿಂತಿದ್ದರು. ಆಮೇಲೆ ಒಳಗೆ ಬಂದು ಪಾರ್ಕಿಂಗ್ ಕಂಪನಿಗೆ ಫೋನು ಮಾಡಿದರು.

"ಅಮ್ಮಾ, ನನಗೆ ನಾಳೆಯಿಂದ ದಂಡ ಹಾಕಿ."

"ಅಂಕಲ್? ಬೇಡ ಅಂತ ನಾನೇ ಬರೆಸಿದೀನಲ್ಲ."

"ಅದನ್ನ ಅಳಿಸಿ. ದಿನಾ ಹನ್ನೆರಡೂಮುಕ್ಕಾಲಿಗೆ ಹಾಕಿ. ನೀವು ಚೀಟಿ ಅಂಟಿಸುವಾಗ ಫೋಟೋ ತೆಗೀತೀರಲ್ಲ, ದಿನ, ಟೈಮು ಎಲ್ಲ ಹಾಕಿ? ಆ ಫೋಟೋ ಬೇಕಮ್ಮ. ನನ್ನ ಹೆಂಡತಿ ನಾವು ಯಾರು ಹೇಳಿದ್ರೂ ನಂಬಲ್ಲ. ನೀವು ನಮ್ಮ ಕಡೆಯವರಲ್ಲ. ನಿಮ್ಮನ್ನ ನಂಬ್ತಾಳೆ."

"ದುಡ್ಡು ಕಟ್ಟಬೇಕಾಗುತ್ತೆ ಅಂಕಲ್, ಸಿಸ್ಟಮ್ ಬಿಡಲ್ಲ," ಅಂದಳು. "ಕಟ್ತೀನಿ," ಅಂದರು ಭಾವ.

ಮಾರನೇ ದಿನದಿಂದ ಅವಳೇ ಬಂದು ಫೋಟೋ ತೆಗೆದಳು. ಕಂಪನಿಯ ಪುಟದಲ್ಲಿ ಕಾರಿನ ನಂಬರು ಒತ್ತಿದರೆ ಚಿತ್ರ ಬರುತ್ತದೆ. ನಾನು ಅದನ್ನು ನಿಧಾನವಾಗಿ ಇಳಿಸಿ ನರ್ಸಮ್ಮನಿಗೆ ಕಳಿಸುವುದು. ತೆರೆದ ಬಾಗಿಲು, ತೊಡೆಯ ಮೇಲೆ ಡಬ್ಬಿ, ಬಾಯಿಯ ಹತ್ತಿರ ತುತ್ತು, ಮೂಲೆಯಲ್ಲಿ ಟೈಮು. ಅಕ್ಕ ನೋಡಿ, "ಹೊರಗಿನವರು ತೆಗೆದಿದ್ದು, ಸುಳ್ಳಿರಲ್ಲ," ಅಂದು ಎರಡು ತುತ್ತು ಉಂಡಳಂತೆ. ಹೀಗೆ ನಾಲ್ಕು ದಿನ, ನಾಲ್ಕು ದಂಡ. ಡಬ್ಬಿಯೂ ದಿನಾ ತೊಳೆದಷ್ಟು ಖಾಲಿಯಾಗಿ ಮನೆಗೆ ಬರುತ್ತಿತ್ತು. ನಾನೂ ನಂಬಿದ್ದೆ.

ಐದನೇ ದಿನ ಹನ್ನೆರಡು ಗಂಟೆ. ಭಾವ ಶೂ ಹಾಕಿಕೊಂಡು ಡಬ್ಬಿ ಹಿಡಿದು ಬಾಗಿಲಲ್ಲಿದ್ದರು. ನನ್ನ ಫೋನು ಹೊಡೆದುಕೊಂಡಿತು. ವಿಡಿಯೋದಲ್ಲಿ ಅಕ್ಕ. ಮುಖ ಬಾಡಿತ್ತು, ಧ್ವನಿ ಮಾತ್ರ ಅವಳದ್ದೇ.

"ನಿಮ್ಮ ಭಾವ ಹೊರಟ್ರಾ? ನಿಲ್ಲಿಸು. ಫೋನ್ ಅವರ ಕಡೆ ತಿರುಗಿಸು."

ತಿರುಗಿಸಿದೆ.

"ರೀ, ಮೊದಲನೇ ಫೋಟೋದಲ್ಲಿ ಕಾರಿನ ಹತ್ರ ಒಂದು ಬೆಕ್ಕು ಕೂತಿದೆ. ಎರಡನೇದರಲ್ಲಿ ಎರಡು. ನಿನ್ನೆದರಲ್ಲಿ ಆರು. ಎಲ್ಲ ನಿಮ್ಮ ಡಬ್ಬಿನೇ ನೋಡ್ತಿವೆ."

ಭಾವ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದರು.

"ಯಾವತ್ತಿಂದ ಊಟ ಬಿಟ್ಟಿದೀರಿ?"

"ನಿನ್ನ ಆ ಕಡೆಗೆ ಹಾಕಿದಾಗಿಂದ," ಅಂದರು ಭಾವ, ಮೇಷ್ಟರ ಮುಂದೆ ನಿಂತವರ ಹಾಗೆ. "ರಾತ್ರಿ ಒಂದಿಷ್ಟು ಮಜ್ಜಿಗೆ ಕುಡೀತಿದ್ದೆ. ಅನ್ನ ಇಳಿಯಲ್ಲ ಕಣೇ. ಕಿಟಕಿಯಲ್ಲಿ ನೀನಿಲ್ವಲ್ಲ."

ಅಕ್ಕ ನಮ್ಮ ಕಡೆ ನೋಡುತ್ತಲೇ ನರ್ಸಮ್ಮನಿಗೆ ಏನೋ ಹೇಳಿದಳು. ಫೋನನ್ನು ಎಲ್ಲಿಗೋ ಒರಗಿಸಿ ನಿಲ್ಲಿಸಿದರು. ತಟ್ಟೆ ಬಂತು. ಅಕ್ಕ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಮದುವೆಯಾದಾಗಿನಿಂದ ಮೊದಲ ಸಲ, ಅವರಿಗಿಂತ ಮುಂಚೆ. ಅಗಿದು ನುಂಗಿದಳು. ಇನ್ನೊಂದು ತುತ್ತು. ಮತ್ತೊಂದು. ನಾವಿಬ್ಬರೂ ನೋಡುತ್ತಿದ್ದೆವು. ತಟ್ಟೆಯ ಅರ್ಧ ಮುಗಿದ ಮೇಲೆ ಕೈ ಬಾಯಿ ಒರೆಸಿಕೊಂಡು ಹೇಳಿದಳು.

"ನಂದು ಆಯ್ತು. ಉಪ್ಪಿಲ್ಲ, ಖಾರ ಇಲ್ಲ, ಅನ್ನ ಮುದ್ದೆಯಾಗಿದೆ. ಹೇಳೋದೆಲ್ಲ ಹೇಳಿದೀನಿ. ಈಗ ನೀವು ನೆಮ್ಮದಿಯಾಗಿ ತಿನ್ನಿ."

ಭಾವ ಅಲ್ಲೇ ಬಾಗಿಲ ಹತ್ತಿರ, ಚಪ್ಪಲಿಗಳ ನಡುವೆ, ಶೂ ಹಾಕಿಕೊಂಡೇ ನೆಲಕ್ಕೆ ಕೂತರು. ಡಬ್ಬಿ ಬಿಚ್ಚಿ ತಲೆ ಬಗ್ಗಿಸಿ ಉಣ್ಣತೊಡಗಿದರು. ಅವತ್ತಿನ ಸಾರಿಗೆ ನಾನು ಹುಳಿ ಹಾಕುವುದನ್ನೇ ಮರೆತಿದ್ದೆ. ಅವರು ಒಂದು ಮಾತೂ ಆಡದೆ ಕೊನೆಯ ಅಗುಳಿನ ತನಕ ತಿಂದರು. ನಾನು ಫೋನು ಹಿಡಿದುಕೊಂಡು ನಿಂತೇ ಇದ್ದೆ.

ನಿಮ್ಮಲ್ಲೂ ಯಾರಾದರೂ ಇಂಥ ಕಂಪನಿಗಳ ಜೊತೆ ಗುದ್ದಾಡಿದ್ದರೆ, ಆ ದಿನಗಳಲ್ಲಿ ಹೀಗೆ ಕಿಟಕಿಯ ಕೆಳಗೆ ನಿಂತಿದ್ದರೆ, ಕೆಳಗೆ ಒಂದೆರಡು ಸಾಲು ಬರೆಯಿರಿ. ನಾನು ಓದುವುದೂ ನಿಧಾನವೇ, ಆದರೆ ಒಂದನ್ನೂ ಬಿಡುವುದಿಲ್ಲ.