ಬೇಸ್‌ಬಾಲ್ ಪುಸ್ತಕ ವಿಚಾರಿಸಲು ಬಂದ ಗುಬ್ಬಿ ಬೀಗರು

ಯಾರ ಮನೆ ಸುದ್ದಿಯನ್ನೂ ನಾನು ಹುಡುಕಿಕೊಂಡು ಹೋದವಳಲ್ಲ. ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಸುದ್ದಿಗಳೇ ಮೆಟ್ಟಿಲು ಹತ್ತಿ ಬರ್ತವೆ. ಬಂದದ್ದಕ್ಕೆ ಮಣೆ ಹಾಕದಿದ್ರೆ ಆಗುತ್ತಾ?

೧. ರದ್ದಿ ಅಂಗಡಿಯ ನಿಧಿ

ಎಲ್ಲರಿಗೂ ಕ್ರಿಕೆಟ್ ಹುಚ್ಚು ಹಿಡಿದಿದ್ದ ಕಾಲ. ಎದುರುಮನೆ ಮೇಷ್ಟ್ರು ಮಾತ್ರ ರದ್ದಿ ಸಾಬರ ಅಂಗಡಿಯಿಂದ ಅಮೆರಿಕದ ಬೇಸ್‌ಬಾಲ್ ಪುಸ್ತಕಗಳನ್ನ ಹೊತ್ತು ತಂದರು. ಒಂದು ಸೀಸನ್ನಿಗೆ ತಂಡಕ್ಕೊಂದು ಪುಸ್ತಕವಂತೆ. ಅವು ಬೀರು ಸೇರಿದವು, ಹೆಂಡತಿಯ ರೇಷ್ಮೆ ಸೀರೆಗಳು ಮಂಚದ ಕೆಳಗೆ ಹೋದವು.

"ಇದೂ ಕ್ರಿಕೆಟ್ಟೇ ಏನಪ್ಪಾ?" ಅಂದೆ.

"ಅಲ್ಲ ಅಜ್ಜಿ. ಬ್ಯಾಟ್ ಐತೆ, ವಿಕೆಟ್ ಇಲ್ಲ. ಒಂದು ಸುತ್ತು ಓಡಿ, ಹೊರಟ ಜಾಗಕ್ಕೇ ವಾಪಸ್ ಬಂದ್ರೆ ಒಂದು ರನ್ನು."

"ಹಂಗಾದ್ರೆ ನಮ್ಮ ಯಜಮಾನ್ರು ಜನ್ಮದಲ್ಲಿ ಒಂದು ರನ್ನೂ ಹೊಡೀಲಿಲ್ಲ ಬುಡು."

೨. ಎತ್ತರ, ತೂಕ, ಊರು

ಆಗ ಮೇಷ್ಟ್ರ ಮಗಳಿಗೆ ಗುಬ್ಬಿಯ ಗಂಡು ಗೊತ್ತಾಗಿತ್ತು, ನಿಶ್ಚಿತಾರ್ಥ ಒಂದೇ ಬಾಕಿ. ಮೊಸರಿನ ಹೆಪ್ಪು ಕೇಳೋಕೆ ಹೋದವಳಿಗೆ ಮಂಚದ ಮೇಲೆ ತೆರೆದ ಪುಸ್ತಕ ಕಂಡಿತು. ಹಾಳೆ ತುಂಬ ಗಂಡುಹುಡುಗರ ಫೋಟೋ, ಕೆಳಗೆ ನಂಬರು.

"ಎತ್ತರ, ತೂಕ, ಹುಟ್ಟಿದ ತಾರೀಕು, ಊರು," ಅಂದರು ಮೇಷ್ಟ್ರು.

"ಈ ಕೆಂಪು ಟಿಕ್ಕು?"

"ನಂಗೆ ಇಷ್ಟ ಆದೋರು."

ಆಟದ ಪುಸ್ತಕಕ್ಕೆ ಹುಡುಗರ ತೂಕ ಯಾಕೆ? ಮದುವೆ ಬ್ರೋಕರ್ ಡೈರಿಯಲ್ಲೂ ಇಷ್ಟೇ ಇರೋದು. ಕಡಬದ ನನ್ನ ತಂಗಿ ಒಬ್ಬಳಿಗೇ ನಾನು ಹೇಳಿದ್ದು. ಅವಳು ಊರಿಗೆ ಹೋಗ್ತಾ ಬಸ್ಸಿನಲ್ಲಿ ಬಾಯಿಬಿಟ್ಟಳು. ಆ ಬಸ್ಸು ಗುಬ್ಬಿಯಲ್ಲಿ ನಿಲ್ಲೋದು ನನ್ನ ತಪ್ಪಾ?

೩. ವಿಚಾರಣೆ

ಭಾನುವಾರ ಗುಬ್ಬಿಯವರು ಹುಡುಗನ್ನೂ ಕರ್ಕೊಂಡು ಮೇಷ್ಟ್ರ ಮನೆಗೆ ಬಂದಿಳಿದರು, ಹಿಂದೆಯೇ ನಾನೂ ಹೋದೆ. ಹುಡುಗನ ತಾಯಿ ಕುರ್ಚಿ ಮುಟ್ಟಲಿಲ್ಲ. "ನಮ್ಮ ಹುಡುಗನ್ನ ಒಪ್ಕೊಂಡು ಫಾರಿನ್ ಗಂಡು ನೋಡ್ತಿದೀರಂತೆ! ಈ ಸಂಬಂಧ ಬೇಡ ಬುಡಿ."

ಒಳಗೆ ಹುಡುಗಿಯ ಅಳು. ಮೇಷ್ಟ್ರ ಹೆಂಡತಿ ನನ್ನನ್ನೇ ದುರುಗುಟ್ಟಿದಳು. ನಾನು ಫ್ಯಾನ್ ನೋಡಿದೆ.

"ಇದು ಆಟದ ಪುಸ್ತಕ," ಅಂತ ಮೇಷ್ಟ್ರು ತಂದು ಎದುರಿಗಿಟ್ಟರು. ಹುಡುಗನ ತಾಯಿ ಹಾಳೆ ಮಗುಚಿ ಮಗುಚಿ, ಕೊನೆಗೆ ನನ್ನ ಕಿವಿಯ ಹತ್ತಿರ ಬಂದಳು: "ಈ ಆರಡಿ ಮೂರಿಂಚಿನೋನಿಗೆ ಎಲ್ಲೂ ಗೊತ್ತಾಗಿಲ್ವಾ? ನಮ್ಮಣ್ಣನ ಮಗಳು ಒಬ್ಳು ಅವ್ಳೆ."

೪. ಸಾಕ್ಷಿ

"ಆಟ ಅಂದ್ರಲ್ಲ, ಆಡಿ ತೋರ್ಸಿ," ಅಂದರು ಹುಡುಗನ ದೊಡ್ಡಪ್ಪ.

ಮೇಷ್ಟ್ರಿಗೆ ಅಷ್ಟೇ ಸಾಕಾಗಿತ್ತು. ನಡುಮನೆಯ ನಾಲ್ಕು ಮೂಲೆಗೆ ನಾಲ್ಕು ಚೊಂಬು ಇಟ್ಟರು. ಹುಡುಗನ ಕೈಗೆ ಲಟ್ಟಣಿಗೆ ಕೊಟ್ಟರು. ದೊಡ್ಡಪ್ಪನನ್ನ ಅವನ ಹಿಂದೆ ಕುಕ್ಕರುಗಾಲಲ್ಲಿ ಕೂರಿಸಿದರು.

"ಮೂರು ಸಲ ತಪ್ಪಿದ್ರೆ ಔಟು. ನಾಲ್ಕು ಬಾಲು ಸೊಟ್ಟ ಬಂದ್ರೆ ಮೊದಲ್ನೇ ಚೊಂಬಿಗೆ ಸುಮ್ನೆ ನಡ್ಕೊಂಡು ಹೋಗ್ಬೋದು."

"ಹೊಡೀದೇನೇ?" ಅಂದರು ದೊಡ್ಡಪ್ಪ.

"ಹೊಡೀದೇನೇ!"

"ಮತ್ತೆ ಬ್ಯಾಟ್ ಯಾಕ್ರೀ?"

ಅದನ್ನೂ ವಿವರಿಸಿದರು. ಕಾಫಿ ತಣ್ಣಗಾಯಿತು, ಉಪ್ಪಿಟ್ಟು ಗಟ್ಟಿಯಾಯಿತು, ದೊಡ್ಡಪ್ಪನ ಮಂಡಿ ಹಿಡಿದುಕೊಂಡಿತು. ಮೇಷ್ಟ್ರು ಬೆವರು ಒರೆಸಿಕೊಂಡು, "ಇಲ್ಲಿಗೆ ಅರ್ಧ ಇನ್ನಿಂಗ್ಸ್ ಆಯ್ತು. ಇಂಥವು ಒಂಬತ್ತು ಇನ್ನಿಂಗ್ಸು," ಅಂದರು.

ದೊಡ್ಡಪ್ಪ ಗೋಡೆ ಹಿಡಿದು ಎದ್ದರು. "ಎಲೆ ಅಡಿಕೆ ತನ್ನಿ ಸ್ವಾಮಿ! ಸಂಬಂಧ ಒಪ್ಪಿಗೆ, ನಿಶ್ಚಿತಾರ್ಥ ಈಗ್ಲೇ ಆಗೋಗ್ಲಿ. ಆಟ ಒಂದು ಇಲ್ಲಿಗೇ ನಿಲ್ಸಿ!"